ಶಿಪ್ಪಿಂಗ್ ಎಕನಾಮಿಕ್ಸ್, ಲಾ ಮಾಸ್ಟರ್ಸ್: ಕಾಮರ್ಸ್ ಓದಿದವ್ರಿಗೆ ಆಗುತ್ತಾ?

ಪ್ರಶ್ನೆ:
ಬಿಕಾಂ ಮುಗ್ಸಿದೀನಿ, ಹಡಗು ವ್ಯಾಪಾರದ ಕಡೆ ಮಾಸ್ಟರ್ಸ್ ಮಾಡೋ ಆಸೆ ತುಂಬಾ ಇದೆ, ಆದ್ರೆ ಲಾ ಓದಿಲ್ಲ, ಹಡಗಲ್ಲಿ ಕೆಲ್ಸನೂ ಮಾಡಿಲ್ಲ. ಕ್ಲಾಸಲ್ಲಿ ನಿಜವಾಗ್ಲೂ ಏನ್ ಕಲಿಸ್ತಾರೆ?

ಕಡಲಹಕ್ಕಿ:
ಧೈರ್ಯವಾಗಿ ಸೇರಿ. ಎಕನಾಮಿಕ್ಸಲ್ಲಿ ಹಡಗಿನ ಬಾಡಿಗೆ ಯಾಕಿಷ್ಟು ಏರಿಳಿಯುತ್ತೆ ಅನ್ನೋದೇ ಜೀವಾಳ. ಬೇಡಿಕೆ ದಿಢೀರ್ ಅಂತ ಏರಿದ್ರೂ ಹೊಸ ಹಡಗು ಕೈಗೆ ಬರೋಕೆ ಎರಡ್ಮೂರು ವರ್ಷ ಬೇಕು, ಅಷ್ಟರಲ್ಲಿ ರೇಟ್ ಮುಗಿಲು ಮುಟ್ಟಿರುತ್ತೆ, ಆಮೇಲೆ ಎಲ್ರೂ ಆರ್ಡರ್ ಕೊಟ್ಟಿದ್ದ ಹಡಗುಗಳು ಒಟ್ಟೊಟ್ಟಿಗೆ ನೀರಿಗಿಳಿದ್ರೆ ರೇಟ್ ಕುಸಿಯುತ್ತೆ. ಬೇಡಿಕೆ ಸತ್ರಂತೂ ಕೇಳ್ಲೇಬೇಡಿ, 2008ರ ಮೇನಲ್ಲಿ 11,000 ದಾಟಿದ್ದ ಬಾಲ್ಟಿಕ್ ಡ್ರೈ ಇಂಡೆಕ್ಸ್ (ಕಲ್ಲಿದ್ದಲು, ಅದಿರು, ಧಾನ್ಯ ಸಾಗಿಸೋ ಹಡಗುಗಳ ಬಾಡಿಗೆ ಸೂಚ್ಯಂಕ) ಡಿಸೆಂಬರ್‌ಗೆ 700ರ ಕೆಳಗಿತ್ತು!

ಲಂಗರು:
ಲಾ ಭಾಗಕ್ಕೆ ಹೆದರ್ಬೇಡಿ. ಬಿಲ್ ಆಫ್ ಲೇಡಿಂಗ್ (ಸರಕು ಹಡಗಿಗೆ ಒಪ್ಪಿಸಿದ್ದಕ್ಕೆ ಕೊಡೋ ದಾಖಲೆ), ಚಾರ್ಟರ್ ಪಾರ್ಟಿ (ಹಡಗು ಬಾಡಿಗೆಗೆ ಪಡೆಯೋ ಒಪ್ಪಂದ), ಡೆಮರೇಜ್ (ಲೋಡ್, ಅನ್‌ಲೋಡ್‌ಗೆ ಒಪ್ಪಿದ ಸಮಯ ಮೀರಿದ್ರೆ ಕಟ್ಟೋ ದುಡ್ಡು) ಇವನ್ನ ಗಟ್ಟಿ ಮಾಡ್ಕೊಳ್ಳಿ. 2021ರಲ್ಲಿ ಸೂಯೆಜ್ ಕಾಲುವೆಯಲ್ಲಿ ಎವರ್ ಗಿವನ್ ಅನ್ನೋ ಕಂಟೇನರ್ ಹಡಗು ಸಿಕ್ಕಾಕ್ಕೊಂಡಾಗ ಜನರಲ್ ಆವರೇಜ್ ಘೋಷಿಸಿದ್ರಲ್ಲ, ಅಂದ್ರೆ ಹಡಗು ಬಿಡಿಸೋ ಖರ್ಚಲ್ಲಿ ಕಂಟೇನರ್‌ನಲ್ಲಿ ಸರಕಿಟ್ಟವರೂ ಪಾಲು ಕೊಡ್ಬೇಕು, ಅವರ ತಪ್ಪು ಏನೂ ಇಲ್ದಿದ್ರೂ. ಇಂಥ ಕೇಸ್ ಹಿಡ್ಕೊಂಡು ಓದಿದ್ರೆ ತಲೆಗೆ ಹತ್ತುತ್ತೆ.

ಬಂದರುವಾಸಿ:
ಒಂದು ಸೇರಿಸ್ತೀನಿ. ಸ್ವೀಡನ್ನಿನ ಮಾಲ್ಮೋದಲ್ಲಿರೋ ವರ್ಲ್ಡ್ ಮ್ಯಾರಿಟೈಮ್ ಯೂನಿವರ್ಸಿಟಿ ನೋಡಿ, 1983ರಲ್ಲಿ ಐಎಂಒ (ಹಡಗು ಸಾಗಣೆ ನೋಡ್ಕೊಳ್ಳೋ ವಿಶ್ವಸಂಸ್ಥೆಯ ಅಂಗಸಂಸ್ಥೆ) ಶುರು ಮಾಡಿದ್ದು. ಎಲ್ಲೇ ಆದ್ರೂ ಸೇರೋ ಮುಂಚೆ ಸಿಲಬಸ್ ತೆಗೆದು ಲಾ ಎಷ್ಟು, ಫೈನಾನ್ಸ್ ಎಷ್ಟು ಅಂತ ಸರಿಯಾಗಿ ನೋಡ್ಕೊಳ್ಳಿ.