ಪೆನಾಂಗ್ ಮತ್ತು ಲಂಕಾವಿ: ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋದವರಿದ್ದೀರಾ?

ಕೇಳಿದವರು, ಬೆಂಗಳೂರು:
ದಸರಾ ರಜೆಗೆ ಮಲೇಷ್ಯಾದ ಈ ಎರಡು ದ್ವೀಪಗಳಿಗೆ ಹೊರಡುವ ಯೋಚನೆಯಿದೆ. ನಾವಿಬ್ಬರು, ಹತ್ತು ವರ್ಷದ ಮಗಳು, ಎಪ್ಪತ್ತು ದಾಟಿದ ಅತ್ತೆ ಮಾವ. ಅತ್ತೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಯಜಮಾನರಿಗೆ ಮೀನಿಲ್ಲದೆ ಊಟ ಸೇರುವುದಿಲ್ಲ. ಮಗಳಿಗೆ ಸಮುದ್ರ ಸಿಕ್ಕರೆ ಸಾಕು. ಪ್ರವಾಸ ಸಂಸ್ಥೆಯವರು ಪೆನಾಂಗ್‌ನಲ್ಲಿ ಒಂದು ರಾತ್ರಿ, ಲಂಕಾವಿಯಲ್ಲಿ ನಾಲ್ಕು ರಾತ್ರಿ ಎನ್ನುತ್ತಿದ್ದಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಿ.

ಕ್ವಾಲಾಲಂಪುರದಲ್ಲಿ ನೆಲೆಸಿರುವವರು:
ಮೊದಲು ತಿಂಗಳನ್ನು ಬದಲಾಯಿಸಿ. ಈ ಎರಡೂ ದ್ವೀಪಗಳು ಪಶ್ಚಿಮ ಕರಾವಳಿಯವು. ಇಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್ ಮತ್ತು ಅಕ್ಟೋಬರ್‌ನಲ್ಲಿ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಲಂಕಾವಿಯ ಆಕಾಶ ತಿಳಿಯಾಗಿರುತ್ತದೆ, ಕ್ರಿಸ್‌ಮಸ್ ರಜೆ ನೋಡಿ. ಬೇಸಿಗೆ ರಜೆಯೇ ಅನುಕೂಲವಾದರೆ ಪೂರ್ವ ಕರಾವಳಿಯ ಪೆರ್ಹೆಂಟಿಯನ್ ಅಥವಾ ರೆಡಾಂಗ್‌ಗೆ ಹೋಗಿ. ಕನ್ನಡಕ ತೊಟ್ಟು ನೀರಿನಲ್ಲಿ ಮುಖ ಅದ್ದಿದರೆ ಹವಳ ಕಾಣುವ ಸಮುದ್ರ ಅಲ್ಲಿದೆ. ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿನ ವಸತಿಗೃಹಗಳು ಬಹುಪಾಲು ಮುಚ್ಚಿರುತ್ತವೆ. ಎರಡು ಕರಾವಳಿಗಳ ಮಳೆಗಾಲ ಬೇರೆ ಬೇರೆ ಎಂಬುದನ್ನು ಸಂಸ್ಥೆಯವರು ನಿಮಗೆ ಹೇಳಲಿಲ್ಲವೆಂದರೆ ಆಶ್ಚರ್ಯ.

ಮಂಗಳೂರಿನವರು:
ರಾತ್ರಿಗಳ ಲೆಕ್ಕ ತಿರುಗುಮುರುಗಾಗಿದೆ. ಪೆನಾಂಗ್‌ಗೆ ಮೂರು, ಲಂಕಾವಿಗೆ ಎರಡು ಇಡಿ. ಪೆನಾಂಗ್‌ಗೆ ಜನ ಹೋಗುವುದು ಬಾಯಿಗಾಗಿ, ಕಡಲಿಗಾಗಿ ಅಲ್ಲ. ಬಟು ಫೆರಿಂಗಿ ಕಡಲತೀರವನ್ನು ಎಲ್ಲ ಕರಪತ್ರಗಳೂ ಹೊಗಳುತ್ತವೆ. ಮಲ್ಪೆ, ಸೋಮೇಶ್ವರ ನೋಡಿ ಬೆಳೆದವರಿಗೆ ಅದರಲ್ಲಿ ವಿಶೇಷವೇನೂ ಇಲ್ಲ. ನೀರು ಮಬ್ಬು, ಜೊತೆಗೆ ಅಂಬಲಿ ಮೀನುಗಳ (ಜೆಲ್ಲಿಫಿಶ್) ಕಾಟ. ಮಗಳು ಈಜುವುದಿದ್ದರೆ ಅದು ಲಂಕಾವಿಯ ಪಂತಾಯ್ ಚೆನಾಂಗ್‌ನಲ್ಲಿ ಆಗಲಿ. ಅಲ್ಲಿಯೂ ನೀರಿಗಿಳಿಯುವ ಮುನ್ನ ಆ ದಿನ ಅಂಬಲಿ ಮೀನು ಬಂದಿವೆಯೇ ಎಂದು ಜೀವರಕ್ಷಕರನ್ನು ಕೇಳಿ.

ಯಜಮಾನರಿಗೆ ಹೇಳಿ: ಅಸಾಮ್ ಲಕ್ಸಾ ತಿನ್ನದೆ ಬರಬಾರದು. ಬಂಗುಡೆಯ ಜಾತಿಯ ಮೀನನ್ನು ಬೇಯಿಸಿ ಬಿಡಿಸಿ, ಹುಣಸೆಹುಳಿಯ ಸಾರಿನಲ್ಲಿ ಹಾಕಿ, ದಪ್ಪ ಅಕ್ಕಿ ಶ್ಯಾವಿಗೆಯ ಮೇಲೆ ಸುರಿಯುತ್ತಾರೆ. ಮೇಲೆ ಪುದೀನ, ಅನಾನಸ್, ಸೌತೆಕಾಯಿ, ಒಂದು ಚಮಚ ಸಿಗಡಿಯ ಕಪ್ಪು ಗೊಜ್ಜು. ತೆಂಗಿನ ಹಾಲಿಲ್ಲ. ಮೊದಲ ತುತ್ತಿಗೆ ವಾಸನೆ ಮೂಗಿಗೆ ಅಡರುತ್ತದೆ, ಮೂರನೆಯದಕ್ಕೆ ಬಟ್ಟಲು ಬಿಡಲು ಮನಸ್ಸಾಗುವುದಿಲ್ಲ. ತಮಿಳು ಮುಸ್ಲಿಮರ ನಾಸಿ ಕಂದಾರ್ ಅಂಗಡಿಗಳಲ್ಲಿ ಅನ್ನದ ಮೇಲೆ ನಾಲ್ಕಾರು ಬಗೆಯ ಸಾರು ಬೆರೆಸಿ ಹಾಕಿಸಿಕೊಳ್ಳಬೇಕು. ಒಂದೊಂದೇ ಸಾರು ಬೇರೆಯಾಗಿ ಕೇಳಿದರೆ ಬಡಿಸುವವನ ಮುಖ ಚಿಕ್ಕದಾಗುತ್ತದೆ.

ಮೈಸೂರಿನವರು:
ನಿಮ್ಮ ಅತ್ತೆಯಂಥವರ ಜೊತೆ ಹೋಗಿ ಬಂದವಳು ನಾನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಭಾರತೀಯ ಹೋಟೆಲ್ ಹುಡುಕಿಕೊಂಡು ಓಡಬೇಡಿ. ಅಲ್ಲಿ ಸಸ್ಯಾಹಾರ ಸಿಕ್ಕರೂ ಈರುಳ್ಳಿ ತಪ್ಪುವುದಿಲ್ಲ. ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲ್‌ಗಳು ಪೆನಾಂಗ್‌ನ ಮುಖ್ಯ ಪಟ್ಟಣವಾದ ಜಾರ್ಜ್‌ಟೌನ್‌ನಲ್ಲಿ ಬೇಕಾದಷ್ಟಿವೆ. ಕಟ್ಟುನಿಟ್ಟಾಗಿ ವ್ರತ ಪಾಲಿಸುವ ಬೌದ್ಧರೂ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ, ನಮ್ಮ ಮಡಿಯವರ ಹಾಗೆಯೇ. ಕೆಲವು ಅಂಗಡಿಗಳಲ್ಲಿ ಮೊಟ್ಟೆ ಬಳಸುತ್ತಾರೆ, ಅದನ್ನು ಮಾತ್ರ ಕೇಳಿಕೊಳ್ಳಿ. ಸೋಯಾದಿಂದ ಮಾಡಿದ ‘ಮೀನು’, ‘ಕೋಳಿ’ ತಟ್ಟೆಗಳು ಎದುರಿಗೆ ಸಾಲಾಗಿರುತ್ತವೆ. ನೋಡಲು ಥೇಟ್ ಅವೇ. ನಮ್ಮ ಅತ್ತೆಗೆ ಅದನ್ನು ಒಪ್ಪಿಸುವುದು ಊಟಕ್ಕಿಂತ ದೊಡ್ಡ ಕೆಲಸವಾಯಿತು. ಸೊಪ್ಪು, ತೋಫು, ಅನ್ನ ಹಾಕಿಸಿಕೊಂಡು ಅವರು ಬೇರೆ ಮೇಜಿಗೆ ಹೋಗಿ ಕುಳಿತರು.

ಎಚ್ಚರಿಕೆ ಬೇಕಾದದ್ದು ಸಾಂಬಾಲ್ ವಿಷಯದಲ್ಲಿ. ಕೆಂಪು ಮೆಣಸಿನ ಚಟ್ನಿಯೆಂದು ತೋರಿದರೂ ಅದರಲ್ಲಿ ಬೆಲಚಾನ್, ಅಂದರೆ ಹುದುಗಿಸಿದ ಸಿಗಡಿಯ ಮುದ್ದೆ ಇರುತ್ತದೆ. ಬರೀ ತರಕಾರಿ ಎಂದು ಕೇಳಿದ ಕಾಂಗ್‌ಕುಂಗ್ ಸೊಪ್ಪಿನ ಪಲ್ಯದಲ್ಲೂ ಬರಬಹುದು. ‘ಮಾಂಸ ಬೇಡ’ ಎಂದರೆ ಸಾಲದು. ಮೀನು, ಸಿಗಡಿ, ಬೆಲಚಾನ್ ಒಂದೊಂದನ್ನೂ ಹೆಸರು ಹಿಡಿದು ಬೇಡ ಎನ್ನಿ. ಬೆಳಗಿನ ಉಪಾಹಾರಕ್ಕೆ ಪುಟು ಮಾಯಂ ಹುಡುಕಿ. ನಮ್ಮ ಒತ್ತು ಶ್ಯಾವಿಗೆಯೇ, ತೆಂಗಿನ ತುರಿ ಮತ್ತು ತಾಳೆಬೆಲ್ಲದ ಜೊತೆ ಕೊಡುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಜಾಯಿಕಾಯಿ ಹಣ್ಣಿನ ಪಾನಕ, ಇಲ್ಲವೇ ಚೆಂಡೋಲ್: ತೆಂಗಿನ ಹಾಲು, ಬೆಲ್ಲ, ಮಂಜಿನ ಪುಡಿ, ಹಸಿರು ಎಳೆಗಳು. ಅತ್ತೆ ಯಾವ ಪ್ರಶ್ನೆಯನ್ನೂ ಕೇಳದೆ ಕುಡಿದದ್ದು ಇದೊಂದನ್ನೇ.

ಕೇಳಿದವರು:
ತುಂಬಾ ಉಪಕಾರವಾಯಿತು. ಮಾವನಿಗೆ ಮಂಡಿ ನೋವಿದೆ. ಜಾರ್ಜ್‌ಟೌನ್‌ನ ಹಳೆಯ ಮನೆಗಳನ್ನೇ ಹೋಟೆಲ್ ಮಾಡಿದ್ದಾರಂತೆ, ಚಿತ್ರಗಳು ಬಹಳ ಚೆನ್ನಾಗಿವೆ. ಅಲ್ಲಿ ಇಳಿದುಕೊಳ್ಳಬಹುದೇ?

ಹುಬ್ಬಳ್ಳಿಯವರು:
ಲಿಫ್ಟ್ ಇದೆಯೇ ಎಂದು ಕೇಳದೆ ಹಣ ಕಟ್ಟಬೇಡಿ. ಆ ಮನೆಗಳ ಮರದ ಮೆಟ್ಟಿಲುಗಳು ಕಡಿದಾಗಿರುತ್ತವೆ. 2008ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಊರು ಅದು, ಗೋಡೆ ಒಡೆದು ಲಿಫ್ಟ್ ಕೂರಿಸುವುದು ಸುಲಭವಲ್ಲ. ಅಂಗಡಿಗಳ ಮುಂದಿನ ಕಮಾನು ಜಗುಲಿ ನೆರಳಾಗಿದ್ದರೂ ಪ್ರತಿ ಮನೆಗೂ ಎತ್ತರ ಬದಲಾಗುತ್ತದೆ. ಮಂಡಿ ನೋವಿನವರಿಗೆ ಅದೇ ಶಿಕ್ಷೆ. ಆರ್ಮೇನಿಯನ್ ಬೀದಿಯ ಸೈಕಲ್ ಮಕ್ಕಳ ಗೋಡೆಚಿತ್ರ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಚ್ಯೂ ಜೆಟ್ಟಿಯ ಮನೆಗಳು, ಇವನ್ನು ಬೆಳಿಗ್ಗೆಯೇ ಮುಗಿಸಿ. ಪೆನಾಂಗ್ ಬೆಟ್ಟಕ್ಕೆ ಹಳಿಯ ಬಂಡಿ ಇದೆ, ಮಾವ ಆರಾಮವಾಗಿ ಹತ್ತಬಹುದು. ವಾರಾಂತ್ಯದ ಸರದಿ ಸಾಲು ಮಾತ್ರ ಬೇಡ.

ಲಂಕಾವಿಯ ಆಕಾಶ ಸೇತುವೆಗೂ ಕೇಬಲ್ ಕಾರ್ ಇದೆ, ಆದರೆ ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಅದನ್ನು ಕೊನೆಯ ದಿನಕ್ಕೆ ಉಳಿಸಬೇಡಿ. ಕಿಲಿಮ್‌ನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ದೋಣಿ ಯಾನ ಚೆನ್ನಾಗಿದೆ. ಹದ್ದುಗಳಿಗೆ ಕೋಳಿ ಚರ್ಮ ಎಸೆದು ಕರೆಯುವ ಆಟ ಮಾತ್ರ ನನಗೆ ಹಿಡಿಸಲಿಲ್ಲ. ಅದು ಬೇಡವೆಂದು ದೋಣಿಯವರಿಗೆ ಮೊದಲೇ ಹೇಳಬಹುದು.

ಕ್ವಾಲಾಲಂಪುರದಲ್ಲಿ ನೆಲೆಸಿರುವವರು:
ಪ್ರಯಾಣದ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿಂದ ಬಟರ್‌ವರ್ತ್‌ಗೆ ರೈಲು ಸುಮಾರು ನಾಲ್ಕು ಗಂಟೆ. ನಿಲ್ದಾಣದಿಂದ ನಡೆದೇ ದೋಣಿಕಟ್ಟೆ ಸೇರಬಹುದು, ಆಚೆ ದಡವೇ ಜಾರ್ಜ್‌ಟೌನ್. 13.5 ಕಿಲೋಮೀಟರ್ ಉದ್ದದ ಸೇತುವೆಯೂ ಇದೆ, ಆದರೆ ಆ ಊರಿಗೆ ನೀರಿನ ಮೇಲಿಂದ ಬರುವುದೇ ಚೆಂದ. ಪೆನಾಂಗ್‌ನಿಂದ ಲಂಕಾವಿಗೆ ವಿಮಾನ ಅರ್ಧ ಗಂಟೆಯ ಮಾತು, ಹಿರಿಯರಿದ್ದರೆ ಅದನ್ನೇ ಹಿಡಿಯಿರಿ. ಲಂಕಾವಿಯಲ್ಲಿ ಬಸ್ ನೆಚ್ಚಿಕೊಳ್ಳಬೇಡಿ. ಮೊಬೈಲ್‌ನಲ್ಲಿ ಟ್ಯಾಕ್ಸಿ ಕರೆಸುವ ಗ್ರ್ಯಾಬ್ ಆ್ಯಪ್ ಇಟ್ಟುಕೊಳ್ಳಿ. 2023ರ ಡಿಸೆಂಬರ್‌ನಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಕಿಲ್ಲ. ಆ ವಿನಾಯಿತಿ ನಿಮ್ಮ ದಿನಾಂಕಕ್ಕೂ ಇದೆಯೇ ಎಂದು ನೋಡಿಕೊಳ್ಳಿ. ಬಂದಿಳಿಯುವ ಮೊದಲಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರವನ್ನು ಪ್ರತಿಯೊಬ್ಬರ ಹೆಸರಿನಲ್ಲೂ ತುಂಬಬೇಕು. ಅದು ಉಚಿತ, ಹಣ ಕೇಳುವ ಜಾಲತಾಣಗಳಿಗೆ ಬೀಳಬೇಡಿ.

ಕೇಳಿದವರು:
ಕ್ರಿಸ್‌ಮಸ್ ರಜೆಗೆ ಬದಲಾಯಿಸಿದೆವು, ಪೆನಾಂಗ್‌ಗೆ ಮೂರು ರಾತ್ರಿ. ಸಂಸ್ಥೆಯವರು ಒಪ್ಪಲಿಲ್ಲ, ನಾವೇ ಟಿಕೆಟ್ ಮಾಡುತ್ತಿದ್ದೇವೆ. ಸೋಯಾ ಮೀನಿನ ಸುದ್ದಿಯನ್ನು ಅತ್ತೆಗೆ ಇನ್ನೂ ಹೇಳಿಲ್ಲ.

ಮೈಸೂರಿನವರು:
ಹೇಳಬೇಡಿ. ಎರಡು ಮೇಜಿರುವ ಜಾಗ ನೋಡಿಕೊಂಡು ಕುಳಿತುಕೊಳ್ಳಿ.