ಅಷ್ಟು ದೊಡ್ಡ ಅರಮನೆ ಇದ್ದೂ ಅತಿಥಿಗೆ ಬೇರೆ ಮನೆ ಯಾಕೆ?

ವಿರಾಜಪೇಟೆ ಟೀಚರ್:
ನಮಸ್ಕಾರ. ಏಳನೇ ಕ್ಲಾಸಿನ ಮಕ್ಕಳನ್ನು ಮೈಸೂರಿಗೆ ಟೂರ್ ಕರೆದುಕೊಂಡು ಹೋಗುತ್ತಿದ್ದೇವೆ. ಲಲಿತ ಮಹಲ್ ಫೋಟೋ ತೋರಿಸಿ, ಇದು ವೈಸ್‌ರಾಯ್ ಉಳಿದುಕೊಳ್ಳಲು ಮಹಾರಾಜರು ಕಟ್ಟಿಸಿದ್ದು ಅಂದೆ. ಒಬ್ಬ ಹುಡುಗ ತಕ್ಷಣ ಕೇಳಿದ: "ಅರಮನೆಯಲ್ಲೇ ಅಷ್ಟೊಂದು ರೂಮ್ ಇತ್ತಲ್ವಾ ಟೀಚರ್?" ನನಗೂ ಹೌದಲ್ಲ ಅನಿಸಿತು. ತಿಳಿದವರು ಹೇಳುತ್ತೀರಾ?

ನಿವೃತ್ತ ಓವರ್ಸಿಯರ್, ಮಡಿಕೇರಿ:
ಟೀಚರ್, ಆ ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ. ಸರ್ವಿಸ್‌ನಲ್ಲಿ ಐಬಿಗಳ, ಅಂದರೆ ಸರ್ಕಾರಿ ಪ್ರವಾಸಿ ಬಂಗಲೆಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು ನಾನು, ಹಾಗಾಗಿ ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ.

ವೈಸ್‌ರಾಯ್ ಬರುವುದು ಅಂದರೆ ಒಬ್ಬರು ಬರುವುದಲ್ಲ. ಕಾರ್ಯದರ್ಶಿ, ಕಾವಲಿನವರು, ಆಳುಕಾಳು, ಎಲ್ಲ ಸೇರಿ ಒಂದು ದಂಡೇ ಬರುತ್ತದೆ. ಅವರ ಊಟದಲ್ಲಿ ಮಾಂಸ, ಮದ್ಯ ಇರಲೇಬೇಕು. ಅರಮನೆಯ ಒಳಗೆ ಪೂಜೆ, ಮಡಿ. ಎರಡೂ ಒಂದೇ ಸೂರಿನಡಿ ನಡೆಯುವುದು ಕಷ್ಟ. 1921ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಚಾಮುಂಡಿ ಬೆಟ್ಟದ ಪಕ್ಕದ ದಿಬ್ಬದ ಮೇಲೆ ಇದನ್ನು ಶುರುಮಾಡಿಸಿದರು. ನಕ್ಷೆ ಮುಂಬೈಯ ಇ. ಡಬ್ಲ್ಯೂ. ಫ್ರಿಚ್ಲಿ ಅವರದು.

ಮಕ್ಕಳಿಗೆ ಮೊದಲು ದೊಡ್ಡ ಅರಮನೆ ತೋರಿಸಿ. 1897ರಲ್ಲಿ ಮರದ ಹಳೇ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ನಕ್ಷೆಯಂತೆ 1912ರಲ್ಲಿ ಮುಗಿದದ್ದು ಅದು. ಕಮಾನು, ಬಣ್ಣ, ಗೋಪುರ, ಎಲ್ಲ ನಮ್ಮ ಕಡೆಯ ಗತ್ತು. ಆಮೇಲೆ ಲಲಿತ ಮಹಲ್‌ಗೆ ಹೋಗಿ. ಪೂರ್ತಿ ಬಿಳಿ. ಜೋಡಿ ಜೋಡಿ ಕಂಬ, ಕಂಬದ ತಲೆಯಲ್ಲಿ ಟಗರಿನ ಕೊಂಬಿನ ಹಾಗೆ ಸುರುಳಿ. ನಡುವಿನ ಗುಮ್ಮಟಕ್ಕೆ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚು ಮಾದರಿ. ಒಳಗೆ ಇಟಲಿಯ ಅಮೃತಶಿಲೆಯ ಮೆಟ್ಟಿಲು ಎರಡು ಕವಲಾಗಿ ಏರುತ್ತದೆ. ಬಂದವರಿಗೆ ತಮ್ಮ ಊರಿನಲ್ಲೇ ಇದ್ದ ಹಾಗೆ ಇರಬೇಕು, ಮೈಸೂರು ಯಾರಿಗೂ ಕಡಿಮೆಯಿಲ್ಲ ಅನ್ನುವುದೂ ಗೊತ್ತಾಗಬೇಕು. ನನ್ನ ಪ್ರಕಾರ ಎರಡನೆಯದೇ ಜಾಸ್ತಿ.

ಆ ಕಟ್ಟಡವನ್ನು ಮಡಿಕೇರಿಯಲ್ಲಿ ಕಟ್ಟಿದ್ದರೆ ಜುಲೈ ಮಳೆಗೆ ಗೋಡೆ ಪೂರ್ತಿ ಪಾಚಿ ಹಿಡಿಯುತ್ತಿತ್ತು. ಚಪ್ಪಟೆ ತಾರಸಿ ಇರುವ ಐಬಿಗಳಲ್ಲಿ ನೀರು ಎಲ್ಲಿಂದ ಇಳಿಯುತ್ತದೆ ಅಂತ ಹುಡುಕುವುದೇ ನಮಗೆ ದೊಡ್ಡ ಕೆಲಸ. ಕೊನೆಗೆ ಮೇಲೊಂದು ಶೀಟು ಹಾಕಿಸಬೇಕು. ನಮ್ಮ ಐನ್‌ಮನೆಗಳ, ಅಂದರೆ ಕೊಡವ ಕುಟುಂಬದ ಮೂಲ ಮನೆಗಳ ಮಾಡು ಎಷ್ಟು ಇಳಿಜಾರು, ನೋಡಿದ್ದೀರಲ್ಲ. ಬಂದವರನ್ನು ಕೈಯಾಲೆಯ (ಮುಂದಿನ ಜಗಲಿಯ) ಐಮರದ ಮೇಲೆ, ಅಂದರೆ ಕೂರುವ ಮರದ ಹಲಗೆಯ ಮೇಲೆ ಕೂರಿಸುತ್ತೇವೆ. ಆ ಹಲಗೆ ತಲೆಮಾರುಗಳಿಂದ ಕೂತು ಕೂತು ನುಣುಪಾಗಿರುತ್ತದೆ. ಜೋರು ಮಳೆಯಲ್ಲೂ ಅಲ್ಲಿಗೆ ಎರಚಲು ಬಾರದ ಹಾಗೆ ಸೂರು ಮುಂದಕ್ಕೆ ಚಾಚಿರುತ್ತದೆ. ಅತಿಥಿಗೆ ಜಾಗ ಮಾಡುವುದು ಅಂದರೆ ನನಗೆ ಮೊದಲು ನೆನಪಾಗುವುದು ಇದು.

ಕಕ್ಕಬ್ಬೆ ತೋಟದವ:
ಓವರ್ಸಿಯರ್ ಸರ್, ನಮ್ಮ ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಬಿಟ್ಟಿರಲ್ಲ! ಮಹಲ್ ಕಾಣಿಸಲಿ ಅಂತ ದಿಬ್ಬದ ಮೇಲಿದೆ. ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ 1792ರಿಂದ 94ರೊಳಗೆ ನಾಲ್ಕುನಾಡು ಅರಮನೆ ಕಟ್ಟಿಸಿದ್ದು ತಡಿಯಂಡಮೋಳ್ ಬೆಟ್ಟದ ಬುಡದ ಕಾಡಿನಲ್ಲಿ, ಕಾಣಿಸದಿರಲಿ ಅಂತಲೇ. ಟಿಪ್ಪುವಿನ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದವರು ಮತ್ತೇನು ಮಾಡಿಯಾರು? 1834ರಲ್ಲಿ ಇಂಗ್ಲಿಷರು ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕ ವೀರರಾಜೇಂದ್ರ ಬಂದು ಸೇರಿದ್ದೂ ಇಲ್ಲಿಗೇ. ಮರದ ಕಂಬ, ಚಿತ್ರ ಬರೆದ ಗೋಡೆ, ಎದುರಿಗೆ ಮದುವೆ ಮಂಟಪ. ಮಂಟಪ ಚಿಕ್ಕದು, ಆದರೆ ಕೆತ್ತನೆ ಹತ್ತಿರ ನಿಂತು ನೋಡಬೇಕು.

ವಿರಾಜಪೇಟೆ ಟೀಚರ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿಗೆ ಮೊದಲು ನಾಲ್ಕುನಾಡಿಗೇ ಹೋಗೋಣ ಅಂತ ಹೆಡ್ ಮೇಡಂ ಹತ್ತಿರ ಮಾತಾಡಿದೆ, ಒಪ್ಪಿದರು. ಬಸ್ಸು ಅರಮನೆ ತನಕ ಬರುತ್ತದಾ?

ಕಕ್ಕಬ್ಬೆ ತೋಟದವ:
ದೊಡ್ಡ ಬಸ್ಸು ಬೇಡ ಟೀಚರ್, ಮೇಲೆ ದಾರಿ ಕಿರಿದು. ಕೆಳಗೆ ನಿಲ್ಲಿಸಿ, ಮಕ್ಕಳು ನಡೆಯಲಿ. ಮಳೆ ಪೂರ್ತಿ ಬಿಟ್ಟ ಮೇಲೆ ಬನ್ನಿ, ಇಲ್ಲದಿದ್ದರೆ ಜಿಗಣೆ ಕಾಟ. ಗೋಡೆಯ ಚಿತ್ರ ಯಾರೂ ಮುಟ್ಟದ ಹಾಗೆ ಮೊದಲೇ ಹೇಳಿಬಿಡಿ.