ಹರಳು ಕಟ್ಟಿಸಿ ಶುದ್ಧ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಗುತ್ತಾ?

ಪ್ರಶ್ನೆ: ಮೇಡಂ, ಬೀದರ್‌ನ ಕೊಳಾರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದು ಸಣ್ಣ ಘಟಕ. ಔಷಧಿಗೆ ಬೇಕಾದ ಇಂಟರ್‌ಮೀಡಿಯೇಟ್ (ಔಷಧಿಯಾಗುವ ಮೊದಲಿನ ಹಂತದ ರಾಸಾಯನಿಕ) ಮಾಡುತ್ತೇವೆ. ಮೊದಲು ಬಿಸಿ ದ್ರಾವಣವನ್ನು ದಿಢೀರ್ ತಣಿಸುತ್ತಿದ್ದೆವು. ಸೋಸಿದ ಮೇಲೆ ಸಿಗುವ ಹರಳಿನ ಕೇಕ್ ಹಳದಿ ಬರುತ್ತಿತ್ತು, ಮೂರು ಸಲ ತೊಳೆದರೂ ಹೋಗುತ್ತಿರಲಿಲ್ಲ. ಈಗ 58 ಡಿಗ್ರಿಗೆ ಬಂದಾಗ ಸ್ವಲ್ಪ ಶುದ್ಧ ಹರಳು (ಸೀಡ್) ಹಾಕಿ, ಗಂಟೆಗೆ 5 ಡಿಗ್ರಿಯಂತೆ ಇಳಿಸುತ್ತೇವೆ. ಹಳದಿಯೆಲ್ಲ ಮದರ್ ಲಿಕ್ಕರ್‌ನಲ್ಲೇ, ಅಂದರೆ ಹರಳು ಕಟ್ಟಿದ ಮೇಲೆ ಮಿಕ್ಕ ದ್ರಾವಣದಲ್ಲೇ, ಉಳಿದು ಕೇಕ್ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಪೇಟೆಂಟ್‌ಗೆ ಅರ್ಜಿ ಹಾಕಿದರೆ, 'ಸೀಡಿಂಗ್, ನಿಧಾನ ತಂಪು ಎಲ್ಲರಿಗೂ ಗೊತ್ತಿದ್ದದ್ದೇ' ಅಂತ ಆಕ್ಷೇಪ ಬಂದಿದೆ. ಎರಡು ವರ್ಷದ ಕೆಲಸ ಸುಮ್ನೆ ಹೋಯಿತಾ?

ಉತ್ತರ: ಇಲ್ಲ ಸರ್. ಆದರೆ ಪೇಟೆಂಟ್ ಕಚೇರಿಯ ಪರೀಕ್ಷಕರ ಮಾತಿನಲ್ಲೂ ಅರ್ಥ ಇದೆ. ಹರಳು ಗಡಿಬಿಡಿಯಲ್ಲಿ ಬೆಳೆದರೆ ಮದರ್ ಲಿಕ್ಕರ್ ಒಳಗೇ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ತೊಳೆದರೂ ಬಣ್ಣ ಹೋಗಲ್ಲ. ಇದು ಪಠ್ಯಪುಸ್ತಕದಲ್ಲೇ ಇದೆ. ಕಲ್ಲುಸಕ್ಕರೆ ಮಾಡುವವರೂ ಬಲ್ಲರು. ಇದನ್ನೇ ವಾದ ಮಾಡಿದರೆ ಸೋಲುತ್ತೀರಿ. ಪ್ಯೂರಿಟಿ ಜಾಸ್ತಿಯಾಯಿತು ಅನ್ನುವುದೂ ಸಾಲದು. 58ಕ್ಕೇ ಯಾಕೆ? 50ಕ್ಕೆ ಹಾಕಿದರೆ ಏನಾಗುತ್ತದೆ?

ಪ್ರಶ್ನೆ: 50ಕ್ಕೆ ಬರುವಷ್ಟರಲ್ಲಿ ಅದು ಎಣ್ಣೆಯ ಹಾಗೆ ಬೇರೆಯಾಗಿ ರಿಯಾಕ್ಟರ್ ತಳಕ್ಕೆ ಕೂತಿರುತ್ತದೆ ಮೇಡಂ. ಆಮೇಲೆ ಸೀಡ್ ಹಾಕಿದರೂ ಗಟ್ಟಿ ಉಂಡೆಯೇ. ಪರೀಕ್ಷಕರು ತೋರಿಸಿದ ಹಳೇ ಪೇಟೆಂಟ್‌ನಲ್ಲಿ 45ಕ್ಕೆ ಹಾಕಿ ಅಂತಿದೆ.

ಉತ್ತರ: ಇದನ್ನೇ ಮೊದಲು ಹೇಳಬೇಕಿತ್ತು ಸರ್! ಹಳೆಯದು 45 ಅನ್ನುತ್ತದೆ, ಅಲ್ಲಿ ನಿಮ್ಮ ವಸ್ತು ಎಣ್ಣೆಯಾಗುತ್ತದೆ. ಅದನ್ನು ಓದಿದವರು 58ಕ್ಕೆ ಯಾಕೆ ಹೋಗುತ್ತಾರೆ? ನಿಮ್ಮ ವಾದ ಇಲ್ಲೇ ಇರೋದು. 45, 50, 58ರಲ್ಲಿ ಒಂದೊಂದು ಬ್ಯಾಚ್ ಮಾಡಿ, ಎಚ್‌ಪಿಎಲ್‌ಸಿ (ಶುದ್ಧತೆ ಅಳೆಯುವ ಪರೀಕ್ಷೆ) ವರದಿ ಸಮೇತ ಉತ್ತರಕ್ಕೆ ಲಗತ್ತಿಸಿ. ಆದರೆ 58 ಮತ್ತು 5 ಡಿಗ್ರಿ ಮೂಲ ಅರ್ಜಿಯಲ್ಲೇ ಇರಬೇಕು. ಅದರಲ್ಲಿಲ್ಲದ್ದನ್ನು ಪೇಟೆಂಟ್ ಕಾಯ್ದೆಯ 59ನೇ ಸೆಕ್ಷನ್ ಈಗ ಸೇರಿಸಲು ಬಿಡಲ್ಲ.

ಪ್ರಶ್ನೆ: ಎರಡೂ ಇವೆ. ಆ ಬಿಳಿ ಪುಡಿಗೂ ಹಕ್ಕು ಕೇಳಬಹುದಾ?

ಉತ್ತರ: ಅದನ್ನು ಬಿಡಿ. ಅದೇ ಕಾಯ್ದೆಯ ಸೆಕ್ಷನ್ 3(ಡಿ) ಪ್ರಕಾರ ಗೊತ್ತಿರುವ ವಸ್ತುವಿನ ಶುದ್ಧ ರೂಪ, ಬೇರೆ ಹರಳು ರೂಪ ಎಲ್ಲ ಅದೇ ವಸ್ತು ಅಂತಲೇ ಲೆಕ್ಕ, ಪರಿಣಾಮದಲ್ಲಿ ದೊಡ್ಡ ವ್ಯತ್ಯಾಸ ತೋರಿಸದಿದ್ದರೆ. ಗ್ಲೀವೆಕ್ ಔಷಧಿಯ ಹರಳು ರೂಪಕ್ಕೆ 2013ರಲ್ಲಿ ಸುಪ್ರೀಂ ಕೋರ್ಟ್ ಪೇಟೆಂಟ್ ಕೊಡದೇ ಹೋದದ್ದು ಇದಕ್ಕೇ. ನೀವು ವಿಧಾನಕ್ಕಷ್ಟೇ ಕೇಳಿ. ಆಕ್ಷೇಪ ಪತ್ರದ ದಿನದಿಂದ 6 ತಿಂಗಳೊಳಗೆ ಉತ್ತರ ಹೋಗಬೇಕು, ತಡ ಮಾಡಬೇಡಿ. ಮೂರೂ ಬ್ಯಾಚ್‌ಗೆ ಒಂದೇ ಲಾಟಿನ ಕ್ರೂಡ್ (ಶುದ್ಧ ಮಾಡುವ ಮೊದಲಿನ ವಸ್ತು) ಬಳಸಿ ಸರ್, ಇಲ್ಲಾಂದ್ರೆ ಹೋಲಿಕೆಯನ್ನು ಅವರು ಒಪ್ಪಲ್ಲ.